ಕೆ. ಕೆ. ಹೆಬ್ಬಾರ್: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

● ಚಿತ್ರಕಲಾವಿದ ಹೆಬ್ಬಾರರ ಪೂರ್ಣ ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. ಜನನ 1911, ಉಡುಪಿ ಸಮೀಪದ ಕಟ್ಟಿಂಗೇರಿ, ನಿಧನ 1996. ಹೆಸರಿನ ಮೊದಲ 'ಕೆ' ಊರಿನದು. ತಂದೆ ಗಣಪತಿ ಮೂರ್ತಿ ಮಾಡುತ್ತಿದ್ದವರು, ಊರಿನಲ್ಲಿ ಯಕ್ಷಗಾನದ ವಾತಾವರಣ. ಬಣ್ಣದ ಮೊದಲ ಪಾಠ ಅಲ್ಲಿಯೇ ಆಯಿತು.

● ವ್ಯಾಸಂಗ: ಮುಂಬೈಯ ಜೆ. ಜೆ. ಸ್ಕೂಲ್ ಆಫ್ ಆರ್ಟ್. ಮುಂದೆ 1940ರಿಂದ 1945ರವರೆಗೆ ಅಲ್ಲಿಯೇ ಬೋಧಕರು.

● ಪ್ಯಾರಿಸ್, 1949–50. ಇದನ್ನು ಎರಡು ಸಲ ಓದಿಕೊಳ್ಳಿ. ಅಕಾಡೆಮಿ ಜೂಲಿಯನ್‌ನಲ್ಲಿ ಚಿತ್ರಕಲೆ, ಎಕೋಲ್ ಎಸ್ತಿಯೆನ್‌ನಲ್ಲಿ ಮುದ್ರಣಕಲೆ ಕಲಿತರು. ಹೀಗಾಗಿ ಅವರನ್ನು ಬರೀ ವರ್ಣಚಿತ್ರಕಾರ ಎಂದು ಬರೆದರೆ ಉತ್ತರ ಅರ್ಧವಾಗುತ್ತದೆ. ಮುದ್ರಣಕಲೆಯ ಒಂದು ವಿಧಾನ ಹೀಗಿದೆ: ಲೋಹದ ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ, ಮೇಲಿನ ಮಸಿ ಒರೆಸಿ, ನೆನೆಸಿದ ಕಾಗದವನ್ನು ಪ್ರೆಸ್‌ನಲ್ಲಿ ಒತ್ತಿದಾಗ ಗೆರೆಯೊಳಗಿನ ಮಸಿ ಮೇಲೆದ್ದು ಬರುತ್ತದೆ, ಚಿತ್ರ ಮಾತ್ರ ಎಡಬಲ ಅದಲುಬದಲು. ಇನ್ನೊಂದು ವಿಧಾನವಾದ ಲಿಥೋಗ್ರಫಿಯಲ್ಲಿ ಕೊರೆಯುವುದೇ ಇಲ್ಲ. ಕಲ್ಲಿನ ಮೇಲೆ ಜಿಡ್ಡು ಮತ್ತು ನೀರು ಒಂದನ್ನೊಂದು ಸೇರದ ಗುಣವೇ ಅದರ ಆಧಾರ.

● ಹೆಬ್ಬಾರರ ನಿಜವಾದ ಸೊತ್ತು ರೇಖೆ. ಲಯವನ್ನು ಮೈಯಲ್ಲಿ ತಿಳಿಯಲೆಂದೇ ಪಂಡಿತ ಸುಂದರ ಪ್ರಸಾದರ ಬಳಿ ಕಥಕ್ ಕಲಿತರು. ಅವರ ರೇಖಾಚಿತ್ರಗಳ ಪುಸ್ತಕದ ಹೆಸರು 'ದಿ ಸಿಂಗಿಂಗ್ ಲೈನ್', ಹಾಡುವ ರೇಖೆ. ನರ್ತಕಿಯನ್ನು ನಾಲ್ಕಾರು ಗೆರೆಗಳಲ್ಲಿ ನಿಲ್ಲಿಸುವ ಆ ಮಿತವ್ಯಯ ನನಗೆ ಅವರ ತೈಲವರ್ಣಕ್ಕಿಂತ ದೊಡ್ಡದೆನಿಸುತ್ತದೆ. ನಮ್ಮ ಹಿರೇಹಡಗಲಿಯ ಕಲ್ಲೇಶ್ವರ ಗುಡಿಯ ಬಾಗಿಲವಾಡದಲ್ಲಿ ಕೊರೆದ ಗೆರೆಗಳನ್ನು ನೋಡುತ್ತ ಬೆಳೆದ ಮಕ್ಕಳಿಗೆ ರೇಖೆಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. (ಆ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಹೂವಿನಹಡಗಲಿ ತಾಲ್ಲೂಕು, ವಿಜಯನಗರ ಜಿಲ್ಲೆ, ಇದೂ ಪ್ರಶ್ನೆಯಾಗಬಹುದು.)

● ಪ್ರಭಾವಗಳು: ಅಜಂತಾ, ಜೈನ ಹಸ್ತಪ್ರತಿ ಚಿತ್ರಗಳು, ರಾಜಪೂತ ಮತ್ತು ಮೊಘಲ್ ಕಿರುಚಿತ್ರಗಳು, ಜೊತೆಗೆ ಚಿತ್ರಕಾರರಾದ ಗೋಗ್ಯಾಂ ಮತ್ತು ಅಮೃತಾ ಶೇರ್‌ಗಿಲ್. 'ಸನ್ನಿ ಸೌತ್' ಕೃತಿಯಲ್ಲಿ ದಕ್ಷಿಣದ ಬಿಸಿಲೇ ವಸ್ತು.

● ಪದ್ಮಶ್ರೀ 1961, ಪದ್ಮಭೂಷಣ 1989.

● ತಪ್ಪಾಗುವ ಜಾಗ: ಕೆ. ವೆಂಕಟಪ್ಪ ಬೇರೆ, ಕೆ. ಕೆ. ಹೆಬ್ಬಾರ್ ಬೇರೆ. ವೆಂಕಟಪ್ಪ (1886–1965) ಮೈಸೂರು ಅರಮನೆಯ ನಂಟಿನವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರು. ಹೆಬ್ಬಾರರದು ಮುಂಬೈ, ಪ್ಯಾರಿಸ್ ದಾರಿ. ಗೊಂದಲಕ್ಕೆ ಕಾರಣವೂ ಇದೆ: ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿಯೇ ಹೆಬ್ಬಾರರ ಕೃತಿಗಳ ಸಂಗ್ರಹವೂ ಇದೆ. ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೋದವರು ಒಂದು ತಾಸು ಉಳಿಸಿಕೊಂಡು ಒಳಗೆ ಹೋಗಿ ಆ ಗೆರೆಗಳ ಎದುರು ನಿಂತು ಬನ್ನಿ.