ತಂದೆಯ ಹೆಸರಿಲ್ಲದ ಪೂರ್ವಜ: ಇಂಗ್ಲೆಂಡಿನ ಹಳೆಯ ಕಾಗದಗಳಲ್ಲಿ ಹುಡುಕುವುದು ಹೇಗೆ?

ಇಂಗ್ಲೆಂಡಿನ ಕುಟುಂಬವೊಂದರ ವಂಶಾವಳಿ ಹಿಡಿದು ಹಿಂದಕ್ಕೆ ಹೋಗುವವರಿಗೆ ಒಂದಲ್ಲ ಒಂದು ತಲೆಮಾರಿನಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಸಿಗುತ್ತದೆ. ತಾಯಿಯ ಹೆಸರಿದೆ, ಮಗುವಿನ ಹೆಸರಿದೆ, ಅಷ್ಟೇ. ಬಹಳ ಮಂದಿ ಅಲ್ಲಿಗೆ ಕೈಬಿಡುತ್ತಾರೆ. ಕೈಬಿಡಬೇಕಾಗಿಲ್ಲ. ಮದುವೆಯಾಗದ ಹೆಣ್ಣಿಗೆ ಹುಟ್ಟಿದ ಮಗುವನ್ನು ಸಾಕುವ ಖರ್ಚು ಯಾರ ತಲೆಗೆ ಬರುತ್ತದೆ ಎಂಬ ಚಿಂತೆ, ಒಂದೊಂದು ಚರ್ಚಿಗೆ ಸೇರಿದ ಆಡಳಿತ ಘಟಕಗಳಾದ ಅಂದಿನ ಪ್ಯಾರಿಷ್‌ಗಳಿಗೆ ಬಲವಾಗಿತ್ತು. ತಂದೆ ಸಿಗದಿದ್ದರೆ ಊರವರು ಕಟ್ಟಿದ ಬಡವರ ತೆರಿಗೆಯಿಂದಲೇ ಅದನ್ನು ಸಾಕಬೇಕಿತ್ತು. ಆದ್ದರಿಂದ ಅಧಿಕಾರಿಗಳು ತಂದೆಯನ್ನು ಹುಡುಕಿದರು, ಹುಡುಕಿದ್ದನ್ನು ಬರೆದಿಟ್ಟರು. ನೀವು ಆ ದುಡ್ಡಿನ ಜಾಡು ಹಿಡಿಯಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಡಾರ್ಸೆಟ್ ಕೌಂಟಿಯ ಒಂದು ಹಳ್ಳಿಯಲ್ಲಿ 1798ರಲ್ಲಿ ಮೇರಿ ಎಂಬ ಮನೆಗೆಲಸದ ಹುಡುಗಿಗೆ ಜಾನ್ ಎಂಬ ಮಗ ಹುಟ್ಟಿದ್ದಾನೆ. ಹೆಸರುಗಳು ಕಲ್ಪಿತ. ದಾರಿ ಮಾತ್ರ ನಿಜವಾದದ್ದು.

ಹಂತ 1: ಊರು ಮತ್ತು ವರ್ಷ ಗಟ್ಟಿ ಮಾಡಿಕೊಳ್ಳಿ

ಇಂಗ್ಲೆಂಡಿನ ಹಳೆಯ ದಾಖಲೆಗಳು ಹೆಚ್ಚಾಗಿ ಪ್ಯಾರಿಷ್‌ವಾರು ಇವೆ. ಪ್ಯಾರಿಷ್ ಗೊತ್ತಿಲ್ಲದೆ ಮುಂದೆ ಹೋಗಲಾಗದು. ಇದಕ್ಕೆ 1851ರ ಜನಗಣತಿ ಒಳ್ಳೆಯದು, ಅದರಲ್ಲಿ ಹುಟ್ಟಿದ ಊರೂ ಮನೆಯೊಡೆಯನ ಜೊತೆಗಿನ ಸಂಬಂಧವೂ ಇರುತ್ತವೆ. 1841ರದ್ದರಲ್ಲಿ ಸಂಬಂಧ ಬರೆದಿಲ್ಲ, ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. ಮಗಳ ಮಗುವನ್ನು ಅಜ್ಜಿ-ತಾತ ತಮ್ಮದೇ ಮಗುವೆಂದು ಬರೆಸಿದ್ದೂ ಉಂಟು. ಕೊನೆಯ ಮಗುವಿಗೂ ತಾಯಿಗೂ ವಯಸ್ಸಿನ ಅಂತರ ನಲವತ್ತೈದು ದಾಟಿದ್ದರೆ ಅನುಮಾನಿಸಿ.

1837ರ ಜುಲೈ 1ರಿಂದ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾಯಿತು. ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿಯಲ್ಲಿ ತಾಯಿಯ ತವರಿನ ಅಡ್ಡಹೆಸರು ಖಾಲಿಯಿದ್ದರೆ ಆಕೆಗೆ ಮದುವೆಯಾಗಿರಲಿಲ್ಲ ಎಂಬ ಸುಳಿವು ಅದು. 1875ರ ನಂತರ, ತಂದೆಯೇ ತಾಯಿಯ ಜೊತೆ ಬಂದು ಸಹಿ ಹಾಕದ ಹೊರತು ಅಂಥ ಮಗುವಿನ ಜನನಪತ್ರದಲ್ಲಿ ಅವನ ಹೆಸರು ಬರೆಯುವಂತಿರಲಿಲ್ಲ. ಮದುವೆಯ ಪತ್ರದಲ್ಲಿ ವರ ತನ್ನ ತಂದೆಯೆಂದು ಕೊಟ್ಟ ಹೆಸರನ್ನು ಕಣ್ಣು ಮುಚ್ಚಿ ನಂಬಬೇಡಿ. ಎಷ್ಟೋ ಸಲ ಅದು ತಾತನದ್ದು, ಮಲತಂದೆಯದ್ದು, ಇಲ್ಲವೇ ಮಾನ ಉಳಿಸಿಕೊಳ್ಳಲು ಹುಟ್ಟಿಸಿದ್ದು.

ಬೆಂಗಳೂರು ದಂಡು ಪ್ರದೇಶದ ಆಂಗ್ಲೋ-ಇಂಡಿಯನ್ ಮನೆತನಗಳವರಿಗೆ ಇಲ್ಲೊಂದು ಮಾತು. ನಿಮ್ಮ ಪೂರ್ವಜ ಸೈನಿಕನಾಗಿ ಬಂದಿದ್ದರೆ ಇಲ್ಲಿಯ ಚರ್ಚುಗಳ ಹಳೆಯ ವರದಿಗಳು ಮದ್ರಾಸ್ ಪ್ರೆಸಿಡೆನ್ಸಿಯ ಸಾಲಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ರಾಜನ ಸೇನೆಯಲ್ಲಿದ್ದು ಪಿಂಚಣಿ ಪಡೆದವನಾದರೆ ಅವನ ಬಿಡುಗಡೆ ಪತ್ರ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸಿಗಬಹುದು, ಅದರಲ್ಲಿ ಹುಟ್ಟಿದ ಪ್ಯಾರಿಷ್ ಬರೆದಿರುತ್ತದೆ.

ಹಂತ 2: ದೀಕ್ಷಾಸ್ನಾನದ ರಿಜಿಸ್ಟರನ್ನು ಮೂಲದಲ್ಲೇ ಓದಿ

ಚರ್ಚ್ ರಿಜಿಸ್ಟರುಗಳು 1538ರಿಂದ ಇವೆ, ಎಲ್ಲ ಊರಿನವೂ ಉಳಿದಿಲ್ಲ. ಬೆರಳಚ್ಚು ಮಾಡಿದ ಸೂಚಿ ಸಾಲದು, ಮೂಲ ಪುಟದ ಚಿತ್ರವನ್ನೇ ನೋಡಿ. ಸೂಚಿ ಮಾಡಿದವರು ಬಿಟ್ಟ ಒಂದು ಪದದಲ್ಲೇ ನಿಮಗೆ ಬೇಕಾದದ್ದು ಇರುತ್ತದೆ. ‘ಬೇಸ್ ಬಾರ್ನ್’, ‘ಬಾಸ್ಟರ್ಡ್’, ‘ನ್ಯಾಚುರಲ್ ಸನ್’, ಲ್ಯಾಟಿನ್ನಿನಲ್ಲಿ ‘ಫಿಲಿಯಸ್ ಪಾಪ್ಯುಲಿ’ ಎಂದಿದ್ದರೆ ಅದು ಮದುವೆಯ ಹೊರಗೆ ಹುಟ್ಟಿದ ಮಗು. ‘ರೆಪ್ಯೂಟೆಡ್ ಫಾದರ್’ ಎಂದು ಪಾದ್ರಿ ಹೆಸರನ್ನೇ ಬರೆದಿದ್ದರೆ ನಿಮ್ಮ ಅದೃಷ್ಟ. ಮಗುವಿನ ನಡು ಹೆಸರು ಇನ್ನಾರದೋ ಅಡ್ಡಹೆಸರಿನಂತೆ ಕೇಳಿಸಿದರೆ ಆ ಹೆಸರಿನ ಮನೆತನ ಅದೇ ಊರಿನಲ್ಲಿತ್ತೇ ಎಂದು ನೋಡಿ. ತಾಯಂದಿರು ಸತ್ಯವನ್ನು ಹೀಗೆ ದಾಖಲಿಸಿದ್ದಾರೆ.

1752ಕ್ಕೆ ಮೊದಲು ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಫೆಬ್ರವರಿ 1720 ಎಂದು ಬರೆದಿದ್ದರೆ ಅದು ನಮ್ಮ ಲೆಕ್ಕದ 1721. ರಿಜಿಸ್ಟರ್ ಹಾಳಾಗಿದ್ದರೆ ಬಿಷಪ್‌ಗೆ ಪ್ರತಿ ವರ್ಷ ಕಳಿಸುತ್ತಿದ್ದ ನಕಲು ಹುಡುಕಿ. ಮಗು ಹುಟ್ಟಿದ ಒಂದೆರಡು ವರ್ಷದಲ್ಲಿ ತಾಯಿ ಯಾರನ್ನಾದರೂ ಮದುವೆಯಾದಳೇ ಎಂಬುದನ್ನೂ ನೋಡಿ. ಆ ಗಂಡನೇ ತಂದೆಯಾಗಿರಬಹುದು, ಆಗಿಲ್ಲದೆಯೂ ಇರಬಹುದು.

ಹಂತ 3: ಪ್ಯಾರಿಷ್ ಪೆಟ್ಟಿಗೆಯ ಕಾಗದಗಳು

ಇದೇ ಮುಖ್ಯ ಹಂತ, ಇಲ್ಲಿ ಸಮಯ ಕೊಡಿ. 1601ರ ಬಡವರ ಕಾಯಿದೆ ಪ್ರತಿ ಪ್ಯಾರಿಷ್‌ಗೂ ‘ಓವರ್‌ಸಿಯರ್’ಗಳನ್ನು ನೇಮಿಸಿತು. ತೆರಿಗೆ ಎತ್ತುವುದು, ಬಡವರಿಗೆ ಹಂಚುವುದು ಅವರ ಕೆಲಸ. ಅವರ ಕಾಗದಗಳು ಚರ್ಚಿನ ಪೆಟ್ಟಿಗೆಯಲ್ಲಿರುತ್ತಿದ್ದವು. ಈಗ ಹೆಚ್ಚಿನವು ಆಯಾ ಕೌಂಟಿಯ ದಾಖಲೆ ಕಚೇರಿಯಲ್ಲಿವೆ.

ನಮ್ಮ ಮೇರಿ ಬಸುರಿ ಎಂದು ಸುದ್ದಿಯಾದ ಕೂಡಲೇ ಓವರ್‌ಸಿಯರ್ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದ. ಪ್ರಮಾಣ ಮಾಡಿಸಿ ಕೇಳಿ ಬರೆದುಕೊಂಡದ್ದು ‘ಬಾಸ್ಟರ್ಡಿ ಎಕ್ಸಾಮಿನೇಷನ್’. ಅದರಲ್ಲಿ ಗಂಡಸಿನ ಹೆಸರು, ಊರು, ಕಸುಬು ಇರುತ್ತವೆ. 1733ರ ಕಾನೂನಿನ ಪ್ರಕಾರ ಹಾಗೆ ಹೆಸರಿಸಿದವನನ್ನು ಹಿಡಿದು ತಂದು, ಅವನು ಪ್ಯಾರಿಷ್‌ಗೆ ಭದ್ರತೆ ಕೊಡದಿದ್ದರೆ ಸೆರೆಮನೆಗೆ ಹಾಕಬಹುದಿತ್ತು. ಆದ್ದರಿಂದ ಅವನನ್ನು ಹಿಡಿಯುವ ವಾರಂಟ್ ಎರಡನೆಯ ಕಾಗದ. ಮೂರನೆಯದು ಬಾಂಡ್, ಅಂದರೆ ಖರ್ಚೆಲ್ಲ ನನ್ನದೆಂದು ಅವನು ಬರೆದುಕೊಟ್ಟ ಮುಚ್ಚಳಿಕೆ. ಅದಕ್ಕೆ ಜಾಮೀನು ನಿಂತವರ ಹೆಸರುಗಳನ್ನು ಬಿಡದೆ ಬರೆದುಕೊಳ್ಳಿ. ಅವರು ಅವನ ಅಪ್ಪನೋ ಅಣ್ಣನೋ ಯಜಮಾನನೋ ಆಗಿರಬಹುದು, ಒಂದೇ ಹೆಸರಿನ ಇಬ್ಬರಲ್ಲಿ ನಿಮ್ಮವನು ಯಾರೆಂದು ತೀರ್ಮಾನಿಸಲು ಅದೇ ಆಧಾರ. ನಾಲ್ಕನೆಯದು ಇಬ್ಬರು ಮ್ಯಾಜಿಸ್ಟ್ರೇಟರು ಹೊರಡಿಸುತ್ತಿದ್ದ ಆದೇಶ: ಬಾಣಂತನದ ಖರ್ಚಿಷ್ಟು, ವಾರಕ್ಕಿಷ್ಟು.

ಈ ನಾಲ್ಕೂ ಕಳೆದುಹೋಗಿದ್ದರೂ ಲೆಕ್ಕದ ಪುಸ್ತಕ ಉಳಿದಿರಬಹುದು. ಜಾನ್ ಹುಟ್ಟಿದ ತಿಂಗಳಿನಿಂದ ಒಂದೊಂದೇ ಸಾಲು ಓದಿ. ‘ಮೇರಿಯ ಮಗುವಿಗಾಗಿ ಇಂಥವನಿಂದ ಬಂದದ್ದು’ ಎಂಬ ಜಮೆ ವಾರವಾರವೂ ಬರುತ್ತಿದ್ದು ಒಮ್ಮೆಗೇ ನಿಂತರೆ ಮಗು ಸತ್ತಿರಬಹುದು, ತಾಯಿ ಮದುವೆಯಾಗಿರಬಹುದು, ಇಲ್ಲವೇ ಅವನು ಓಡಿಹೋಗಿರಬಹುದು. ಓದುವಾಗ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ನಿ ಎಂಬ ಲೆಕ್ಕ ನೆನಪಿರಲಿ.

ಮಗು ಹುಟ್ಟಿದ ಪ್ಯಾರಿಷ್‌ನಲ್ಲಿ ಏನೂ ಸಿಗದಿದ್ದರೆ ಅಕ್ಕಪಕ್ಕದವನ್ನು ನೋಡಿ. ಮದುವೆಯಾಗದ ತಾಯಿಯ ಮಗು ಸಾಮಾನ್ಯವಾಗಿ ಹುಟ್ಟಿದ ಊರಿನ ಪಾಲಿಗೇ ಬರುತ್ತಿದ್ದುದರಿಂದ ತುಂಬು ಬಸುರಿಯರನ್ನು ಗಡಿಯಾಚೆ ಸಾಗಿಸಿಬಿಡುತ್ತಿದ್ದರು. 1795ರ ಕಾನೂನು ಅವಿವಾಹಿತ ಬಸುರಿಯರನ್ನು ಹಾಗೆ ಕಳಿಸಲು ಅವಕಾಶ ಉಳಿಸಿಕೊಟ್ಟಿತು. ಈ ಕ್ರೌರ್ಯದ ಕಾಗದಗಳೂ ‘ರಿಮೂವಲ್ ಆರ್ಡರ್’ ಹೆಸರಿನಲ್ಲಿ ಉಳಿದಿವೆ. ಮೇರಿ ಮೊದಲು ಎಲ್ಲಿ ದುಡಿಯುತ್ತಿದ್ದಳು ಎಂಬುದು ಅವುಗಳ ಜೊತೆಗಿನ ವಿಚಾರಣೆಯಲ್ಲಿ ಸಿಗುತ್ತದೆ. ತಂದೆ ಅದೇ ಮನೆಯ ಅಥವಾ ತೋಟದ ಆಳೋ ಒಡೆಯನೋ ಆಗಿರುವ ಸಾಧ್ಯತೆಯನ್ನು ಪರೀಕ್ಷಿಸಿ.

ಹುಡುಕುವುದು ಎಲ್ಲಿ? ನ್ಯಾಷನಲ್ ಆರ್ಕೈವ್ಸ್‌ನ ‘ಡಿಸ್ಕವರಿ’ ಸೂಚಿಯಲ್ಲಿ ಕೌಂಟಿ ಕಚೇರಿಗಳ ಸಾಮಗ್ರಿಯೂ ಸೇರಿದೆ. ಫ್ಯಾಮಿಲಿಸರ್ಚ್ ಮತ್ತು ಫ್ರೀರೆಗ್ ಉಚಿತ. ತಾಯಿಯ ಹೆಸರಿನಿಂದಲೇ ಶುರುಮಾಡಿ, ಅಕ್ಷರ ಬದಲಿಸಿ ಬದಲಿಸಿ ಹುಡುಕಿ.

ಹಂತ 4: ನ್ಯಾಯಾಲಯ, ಉಯಿಲು

ಆದೇಶವನ್ನು ಒಪ್ಪದವರು ಮೂರು ತಿಂಗಳಿಗೊಮ್ಮೆ ಸೇರುತ್ತಿದ್ದ ಕ್ವಾರ್ಟರ್ ಸೆಷನ್ಸ್‌ಗೆ ಹೋಗುತ್ತಿದ್ದರು, ಅಲ್ಲಿನ ಪುಸ್ತಕಗಳೂ ಕೌಂಟಿ ಕಚೇರಿಯಲ್ಲಿವೆ. 1834ರ ಹೊಸ ಬಡವರ ಕಾಯಿದೆ ಹೊರೆಯನ್ನೆಲ್ಲ ತಾಯಿಯ ಮೇಲೆ ಹೇರಿತು. ಹಾಗಾಗಿ ಆ ದಶಕದಲ್ಲಿ ತಂದೆಯರ ಹೆಸರು ಸಿಗುವುದು ಕಷ್ಟ. 1844ರಿಂದ ತಾಯಿಯೇ ಸ್ಥಳೀಯ ಮ್ಯಾಜಿಸ್ಟ್ರೇಟರ ಕೋರ್ಟಾದ ಪೆಟಿ ಸೆಷನ್ಸ್‌ನಲ್ಲಿ ದಾವೆ ಹೂಡಬಹುದಾಯಿತು. ಆ ರಿಜಿಸ್ಟರುಗಳು ಎಷ್ಟೋ ಕಡೆ ಉಳಿದಿಲ್ಲ, ಸ್ಥಳೀಯ ಪತ್ರಿಕೆಗಳ ವರದಿಗಳನ್ನು ಓದಿ. ಅನುಮಾನವಿರುವ ಗಂಡಸಿನ ಮತ್ತು ಅವನ ಅಪ್ಪ-ಅಮ್ಮನ ಉಯಿಲುಗಳನ್ನೂ ತರಿಸಿ, ಮಗುವಿನ ಹೆಸರು ಅಲ್ಲಿದೆಯೇ ಎಂದು ನೋಡಿ.

ಹಂತ 5: ಸಾಕ್ಷ್ಯವನ್ನು ತೂಗಿ

ಮೇರಿ ಪ್ರಮಾಣ ಮಾಡಿ ಹೇಳಿದಳೆಂದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ಅಧಿಕಾರವುಳ್ಳ ಗಂಡಸರ ಎದುರು ಒಬ್ಬಂಟಿಯಾಗಿ ನಿಂತು ಹೇಳಿದ ಹೆಸರು ಅದು. ಒತ್ತಡದಲ್ಲಿ ಬೇರೊಬ್ಬನನ್ನು ಹೆಸರಿಸಿರಲೂಬಹುದು. ಎರಡು ಸ್ವತಂತ್ರ ಆಧಾರಗಳು ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ ಒಪ್ಪಿಕೊಳ್ಳಿ. ಇಂದು ಡಿಎನ್‌ಎ ಪರೀಕ್ಷೆ ಮೂರನೆಯ ಸಾಕ್ಷಿ. ಜಾನ್‌ನ ವಂಶದವರಿಗೂ ಆ ಗಂಡಸಿನ ಬೇರೆ ಮಕ್ಕಳ ವಂಶದವರಿಗೂ ಹೊಂದಾಣಿಕೆ ಬಂದರೆ ಕಾಗದಕ್ಕೆ ಬಲ ಬರುತ್ತದೆ. ಜಾನ್‌ನಿಂದ ಗಂಡುಮಕ್ಕಳ ನೇರ ಸಾಲು ಉಳಿದಿದ್ದರೆ ತಂದೆಯಿಂದ ಮಗನಿಗೆ ಮಾತ್ರ ಸಾಗುವ ವೈ-ಡಿಎನ್‌ಎ ಮಾಡಿಸಿ. ಪರೀಕ್ಷೆಗೆ ಮೊದಲು ಮನೆಯವರೊಂದಿಗೆ ಮಾತಾಡಿ, ಫಲಿತಾಂಶ ಬದುಕಿರುವವರ ಗುಟ್ಟನ್ನೂ ಬಯಲಿಗೆ ತರಬಲ್ಲದು.

ಇಷ್ಟಾದರೂ ಹೆಸರು ಸಿಗದಿದ್ದರೆ ಆ ಜಾಗವನ್ನು ಖಾಲಿಯೇ ಬಿಡಿ, ಎಲ್ಲೆಲ್ಲಿ ಹುಡುಕಿದಿರಿ ಎಂಬುದನ್ನು ಪಕ್ಕದಲ್ಲಿ ಬರೆದಿಡಿ. ಊಹೆಯ ಹೆಸರನ್ನು ಆನ್‌ಲೈನ್ ವಂಶವೃಕ್ಷಕ್ಕೆ ದಯವಿಟ್ಟು ಏರಿಸಬೇಡಿ. ಅದನ್ನು ಬೇರೆಯವರು ನಕಲು ಮಾಡಿಕೊಳ್ಳುತ್ತಾರೆ, ಆಮೇಲೆ ತಿದ್ದಲು ಆಗುವುದಿಲ್ಲ.