ಉತ್ತರದ ನೆರಳಿಗೆ ಒಪ್ಪುವ ಕೈತೋಟ

ಬೆಂಗಳೂರಿನ ಅಮೃತಹಳ್ಳಿಯ ನಮ್ಮ ಮನೆಯ ಸಿಟೌಟಿನ ಪಕ್ಕ, ಉತ್ತರದ ಕಾಂಪೌಂಡಿಗೆ ಅಂಟಿಕೊಂಡಂತೆ ಕಿರಿದಾದ ಮಣ್ಣಿನ ಪಟ್ಟಿಯೊಂದಿದೆ. ಇಂಥ ಜಾಗಕ್ಕೆ ಟೈಲ್ಸ್ ಹಾಕಿ ಮುಚ್ಚಿಬಿಡಿ ಎಂದು ಹೇಳುವವರೇ ಹೆಚ್ಚು. ನಾವು ಮಣ್ಣನ್ನು ಉಳಿಸಿಕೊಂಡೆವು. ಅಲ್ಲಿ ಕೈಯಾಡಿಸುತ್ತಾ ನಾನು ಕಲಿತ ಮೊದಲ ಪಾಠ: ನರ್ಸರಿಗೆ ಹೋಗುವ ಮುಂಚೆ ಬಿಸಿಲಿನ ಲೆಕ್ಕ ಬೇಕು.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಪಟ್ಟಿಗೆ ನೇರ ಬಿಸಿಲು ಸಿಗುವುದು ಆಗಲೇ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಾಗ, 20 ಅಡಿ ಎತ್ತರದ ಮನೆಯ ನೆರಳು ಮಧ್ಯಾಹ್ನವೂ ಉತ್ತರಕ್ಕೆ ಸುಮಾರು 15 ಅಡಿ ಚಾಚುತ್ತದೆ. ಆಗ ಆ ಪಟ್ಟಿಗೆ ಬೆಳಕು ಬರುವುದು ಆಕಾಶದಿಂದ, ಗೋಡೆಗಳಿಂದ. ಅದಕ್ಕೇ ಕಾಂಪೌಂಡಿನ ಒಳಮೈಗೆ ಬಿಳಿ ಸುಣ್ಣ ಹೊಡೆದೆವು. ಬೆಳಕು ಕಣ್ಣಿಗೇ ತಿಳಿಯುವಷ್ಟು ಹೆಚ್ಚಿತು.

ಈ ಲೆಕ್ಕಕ್ಕೆ ಅರಿಶಿನದಷ್ಟು ಚೆನ್ನಾಗಿ ಹೊಂದುವ ಗಿಡವನ್ನು ನಾನು ಕಂಡಿಲ್ಲ. ಮುಂಗಾರು ಶುರುವಾಗುವಾಗ ಗಡ್ಡೆ ಊರಿದರೆ ಬಿಸಿಲಿರುವ ತಿಂಗಳಲ್ಲಿ ಎಲೆ ಬಿಡುತ್ತದೆ, ನಾಗರ ಪಂಚಮಿಯ ಕಡುಬು ಸುತ್ತಲು ಆ ಎಲೆ ಸಿಗುತ್ತದೆ. ಚಳಿಗಾಲದಲ್ಲಿ ಪಟ್ಟಿ ಕತ್ತಲಾಗುವ ಹೊತ್ತಿಗೆ ಗಿಡ ತಾನಾಗಿ ಒಣಗಿ, ಗಡ್ಡೆ ಕೀಳಲು ಬರುತ್ತದೆ.

ಉಳಿದ ಗಿಡಗಳಿಗೆ ಮಲೆನಾಡಿನ ಅಡಿಕೆ ತೋಟವೇ ನನಗೆ ಮಾದರಿ. ಅಲ್ಲಿ ಮರಗಳ ನೆರಳಲ್ಲಿ ಬೆಳೆಯುವ ಕಾಳುಮೆಣಸು, ವೀಳ್ಯದೆಲೆ ಬಳ್ಳಿಗಳನ್ನು ಇಲ್ಲಿ ಗೋಡೆಗೆ ಹಬ್ಬಿಸಬಹುದು. ನೆಲಕ್ಕೆ ಒಂದೆಲಗ, ಮೂಲೆಗೆ ಜರಿಗಿಡ. ಮಲ್ಲಿಗೆ, ದಾಸವಾಳ, ಗುಲಾಬಿಗೆ ಬಿಸಿಲು ಬೇಕು. ದೇವರ ಪೂಜೆಯ ಹೂವಿನ ಕುಂಡಗಳು ತಾರಸಿಯಲ್ಲೇ ಇರಲಿ. ಡೈಫೆನ್‌ಬಾಕಿಯಾ ನೆರಳಲ್ಲಿ ಸೊಂಪಾಗಿ ಬೆಳೆಯುತ್ತದೆ ನಿಜ, ಆದರೆ ಅದರ ಎಲೆ ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಪುಟ್ಟ ಮಕ್ಕಳಿರುವ ಮನೆಗೆ ಅದು ಬೇಡ.

ಮನೆ ಕಟ್ಟಿದ ಮೇಲೆ ಸುತ್ತಲಿನ ಮಣ್ಣಲ್ಲಿ ಜಲ್ಲಿ, ಗಾರೆಯ ಚೂರು ಸೇರಿರುತ್ತವೆ. ಸಿಮೆಂಟಿನ ಸುಣ್ಣದಂಶ ಮಣ್ಣನ್ನು ಕ್ಷಾರವಾಗಿಸುತ್ತದೆ. ಒಂದಡಿ ಅಗೆದು ಅವನ್ನು ಆರಿಸಿ, ಕೆಮ್ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ತುಂಬಬೇಕು. ಮಣ್ಣು ಮನೆಯ ಗೋಡೆಗೆ ತಾಗದಂತೆ, ನೀರು ಹೊರಮುಖವಾಗಿ ಹರಿಯುವಂತೆ ಇಳಿಜಾರು ಕೊಡುವುದು ಮುಖ್ಯ.

ನೆರಳಲ್ಲಿ ಹುಲ್ಲುಹಾಸು ನಿಲ್ಲುವುದಿಲ್ಲ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲಿನ ಒರಟು ಚಪ್ಪಡಿಗಳನ್ನು ಸಂದು ಬಿಟ್ಟು ಹಾಸಿದರೆ ಪಾಚಿ ಕಟ್ಟಿದರೂ ಕಾಲು ಅಷ್ಟಾಗಿ ಜಾರದು. ಮಳೆನೀರು ಸಂದಿನಲ್ಲಿ ಇಂಗುತ್ತದೆ.

ನೆರಳಿನ ಮಣ್ಣು ಬೇಗ ಒಣಗುವುದಿಲ್ಲ. ಬೆರಳು ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಾಗ, ಇಂಥ ತೋಟದ ಬೆಲೆ ನನಗೆ ಚೆನ್ನಾಗಿ ಅರ್ಥವಾಯಿತು: ಅಕ್ಕಿ, ತರಕಾರಿ ತೊಳೆದ ನೀರೇ ಇದಕ್ಕೆ ಸಾಕು. ಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ಮಾತ್ರ ವಾರಕ್ಕೊಮ್ಮೆಯಾದರೂ ಚೆಲ್ಲಲೇಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಹೆಚ್ಚುಕಡಿಮೆ ಅಷ್ಟೇ ದಿನ ಸಾಕು.

ನಿಮ್ಮ ಮನೆಯ ಪಕ್ಕದಲ್ಲೂ ಇಂಥ ಪಟ್ಟಿ ಇದ್ದರೆ, ಒಂದು ಮುಂಗಾರು, ಒಂದು ಚಳಿಗಾಲ ಅದರ ಬೆಳಕನ್ನು ಗಮನಿಸಿ. ಕಾಂಕ್ರೀಟು ಎಂದಾದರೂ ಹಾಕಬಹುದು. ಮುಚ್ಚಿದ ಮಣ್ಣನ್ನು ಮತ್ತೆ ಬದುಕಿಸುವುದು ಕಷ್ಟ.