ಹೆರಿಗೆ ರಜೆಯ ಕೂಲಿ: ಮೊದಲು ಹಾಜರಿ ಪುಸ್ತಕ ನೋಡಿ

ಹೆತ್ತೂರು, ಯಸಳೂರು ಕಡೆಯ ಕಾಫಿ ತೋಟಗಳ ಹೆಣ್ಣುಮಕ್ಕಳು ವಕೀಲರ ಬಳಿ ಬರುವ ಹೊತ್ತಿಗೆ ಕೂಸು ಅಂಬೆಗಾಲಿಡುತ್ತಿರುತ್ತದೆ, ಸಾಲವೂ ಬೆಳೆದಿರುತ್ತದೆ. ‘ಬಾಣಂತನಕ್ಕೆ ತೋಟದಿಂದ ದುಡ್ಡು ಸಿಗುತ್ತಂತೆ, ನಿಜವಾ?’ ಎಂದು ಅಳುಕುತ್ತಲೇ ಕೇಳುತ್ತಾರೆ. ನಿಜ. ಅದು ಧಣಿಗಳ ದಯೆಯಲ್ಲ, ನಿಮ್ಮ ಹಕ್ಕು.

ಹೆರಿಗೆ ದಿನಾಂಕದ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ 26 ವಾರ ಕೂಲಿಸಹಿತ ರಜೆ. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ‘ದಿನಗೂಲಿಯವರಿಗೆ ಇಲ್ಲ’ ಎನ್ನುವ ರೈಟರ್ ಮಾತು ನಂಬಬೇಡಿ. ಮಸ್ಟರ್ ರೋಲ್ ಮಹಿಳೆಯರಿಗೂ ಉಂಟೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಭಾನುವಾರ ಕಳೆದು ಲೆಕ್ಕ ಹಾಕುವಂತೆಯೂ ಇಲ್ಲ. ಕೊಯಮತ್ತೂರಿನ ತೋಟವೊಂದರ ಪ್ರಕರಣದಲ್ಲಿ 1977ರಲ್ಲೇ ಅದು ತೀರ್ಮಾನವಾಗಿದೆ. 26 ವಾರವೆಂದರೆ 182 ದಿನ. ಆದರೆ ತೋಟ 5 ಹೆಕ್ಟೇರ್‌ಗಿಂತ, ಅಂದರೆ ಸುಮಾರು ಹನ್ನೆರಡೂವರೆ ಎಕರೆಗಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ಈ ಕಾನೂನು ಅನ್ವಯಿಸುವುದಿಲ್ಲ.

ಎಲ್ಲರೂ ಮುಗ್ಗರಿಸುವುದು ಆ 80 ದಿನದಲ್ಲಿ. ಹಣ್ಣು ಕೊಯ್ಲಿನಲ್ಲಿ ಗಂಡ ಹೆಂಡತಿ ಒಂದೇ ಚೀಲ ತುಂಬುತ್ತಾರೆ. ಸಂಜೆ ತೂಕವಾದಾಗ ಕಿಲೋ ಲೆಕ್ಕ ಬೀಳುವುದು ಗಂಡನ ಹೆಸರಿಗೆ. ಬಟವಾಡೆಯೂ ಅವನ ಕೈಗೆ. ಮೂರು ವರ್ಷ ಬೆನ್ನು ಬಗ್ಗಿಸಿದವಳಿಗೆ ಪುಸ್ತಕದಲ್ಲಿ ಒಂದು ದಿನದ ಹಾಜರಿಯೂ ಇಲ್ಲ! ಆದ್ದರಿಂದ:

1. ಕೊಯ್ಲಿನ ಮೊದಲ ದಿನವೇ ನಿಮ್ಮ ಹೆಸರನ್ನು ಬೇರೆ ಬರೆಸಿ. ವಾರಕ್ಕೊಮ್ಮೆ ಹಾಜರಿ ಪುಟದ ಫೋಟೊ ತೆಗೆದಿಡಿ. ತೆಗೆಯಲು ಬಿಡದಿದ್ದರೆ ದಿನಾಂಕ, ಮಾಡಿದ ಕೆಲಸವನ್ನು ನೀವೇ ಬರೆದಿಟ್ಟುಕೊಳ್ಳಿ.

2. ತಾಯಿ ಕಾರ್ಡ್ ಜೆರಾಕ್ಸ್ ಲಗತ್ತಿಸಿ ರಜೆಗೆ ಲಿಖಿತ ಅರ್ಜಿ ಕೊಡಿ. ಕೊಡುವುದು ತಡವಾದರೂ ಹಕ್ಕು ಹೋಗದು. ಖಾಲಿ ಹಾಳೆಗೆ ಮಾತ್ರ ಹೆಬ್ಬೆಟ್ಟು ಒತ್ತಬೇಡಿ. ಅದೇ ನಾಳೆ ‘ತಾನೇ ಕೆಲಸ ಬಿಟ್ಟಳು’ ಎಂಬ ಪತ್ರವಾಗುತ್ತದೆ.

3. ತೋಟದವರು ರಜೆಯ ಕೂಲಿ ಕೊಡದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿ. ಮಾಲೀಕ, ಮೇಸ್ತ್ರಿ ಇಬ್ಬರ ಹೆಸರನ್ನೂ ಬರೆಯಿರಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ‘ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ’ ಎಂಬ ಮಾಮೂಲಿ ಉತ್ತರ ಕೇಳಿ ವಾಪಸ್ ಬರಬೇಡಿ. ಸ್ವೀಕೃತಿ ಪಡೆದೇ ಹೊರಡಿ. ‘ಮಾಡಿಸಿಕೊಡ್ತೀನಿ’ ಎಂದು ಮಧ್ಯೆ ಬರುವವನಿಗೆ ಬಿಡಿಗಾಸೂ ಬೇಡ.

ಇನ್ನು ಆಸ್ಪತ್ರೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಕುರಿ ಹಿಂಡಿನೊಂದಿಗೆ ಅಲೆಯುವವಳಾಗಲಿ, ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವಳಾಗಲಿ, ‘ನಿನ್ನ ಕಾರ್ಡ್ ಬೇರೆ ತಾಲ್ಲೂಕಿನದು’ ಎಂದು ಹೊರಗೆ ಕಳಿಸುವಂತಿಲ್ಲ. ಹಕ್ಕಿದೆ ಎಂದು ಕೊನೇ ಗಳಿಗೆಯವರೆಗೆ ಕಾಯುವುದು ಬೇಡ. ಆನೆ ಓಡಾಡುವ ದಾರಿ, ಮಳೆ, ಸಿಗ್ನಲ್ ಇಲ್ಲದ ಫೋನು: ರಾತ್ರಿ 108ಕ್ಕೆ ಕರೆ ಹೋಗದೆಯೂ ಇರಬಹುದು. ದಿನ ಹತ್ತಿರವಾಗುತ್ತಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಬನ್ನಿ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಮಹಿಳೆಗೆ ನೆರವು ಉಚಿತ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಬನ್ನಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಆದರೆ ಕೂಸು ಹುಟ್ಟುವ ಮುಂಚೆಯೇ ಬನ್ನಿ.